ಮಗ ದೇವರಿಲ್ಲ ಅನ್ನುತ್ತಾನೆ, ನೊವೆಂ ಊಟಕ್ಕೆ ಮಾತ್ರ ಅವನೇ ಮೊದಲು

ಪ್ರಶ್ನೆ: ನಾವು ಕಲ್ಯಾಣಪುರ ಕಡೆಯ ಕ್ಯಾಥೊಲಿಕ್ ಕುಟುಂಬ. ಮಗನಿಗೆ 23 ವರ್ಷ, ಮಣಿಪಾಲದಲ್ಲಿ ಕೆಲಸ. ಕಳೆದ ವರ್ಷದಿಂದ ತಾನು ನಾಸ್ತಿಕ ಅನ್ನುತ್ತಿದ್ದಾನೆ. ಭಾನುವಾರ ಮೀಸ್‌ಗೆ (ಚರ್ಚಿನ ಪೂಜೆಗೆ) ಬರುವುದಿಲ್ಲ, ಸಂಜೆ ತೇರ್ಸ್‌ಗೆ (ಮನೆಯ ಜಪಸರ ಪ್ರಾರ್ಥನೆಗೆ) ಕೂರುವುದಿಲ್ಲ. ಆದರೆ ಮೊಂತಿ ಫೆಸ್ತ್ (ಮರಿಯಮ್ಮನ ಹಬ್ಬ) ದಿನ ನೊವೆಂ (ಹೊಸ ತೆನೆಯ) ಊಟಕ್ಕೆ ಅವನೇ ಮೊದಲು. ಅಜ್ಜಿ ಕೊಟ್ಟ ಶಿಲುಬೆಯ ಸರ ಕುತ್ತಿಗೆಯಲ್ಲೇ ಉಂಟು. ಕಾಲೇಜಿಗೆ ಸೇರುವಾಗ ಫಾರ್ಮಿನಲ್ಲಿ ಕ್ರಿಶ್ಚಿಯನ್, 3ಬಿ ಅಂತ ಬರೆದವನೂ ಅವನೇ. ಇದು ಕಪಟ ಅಲ್ವಾ? ನಮ್ಮ ಯಜಮಾನರು ಚರ್ಚಿನ ವಾರ್ಡಿನ ಗುರ್ಕಾರ್ (ಮುಖಂಡ). ಮನೆಯ ಮಗನೇ ಹೀಗಾದರೆ ಜನರ ಮುಖ ಹೇಗೆ ನೋಡುವುದು, ರಾಜೀನಾಮೆ ಕೊಡುತ್ತೇನೆ ಅನ್ನುತ್ತಿದ್ದಾರೆ. ನಾವು ಎಲ್ಲಿ ತಪ್ಪಿದೆವು?
– ಒಬ್ಬ ತಾಯಿ, ಉಡುಪಿ ಜಿಲ್ಲೆ

ಉತ್ತರ: ರಾಜೀನಾಮೆ ವಿಷಯ ಕೊನೆಗೆ ಹೇಳುತ್ತೇನೆ, ಅದು ಸುಲಭದ್ದು. ಮೊದಲು ಮಗನ ವಿಷಯ.

ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ತತ್ವಶಾಸ್ತ್ರ ಪಾಠ ಮಾಡಿದವನು. ಭಾನುವಾರ ನಮ್ಮ ಇಗರ್ಜೆಯಲ್ಲಿ (ಚರ್ಚಿನಲ್ಲಿ) ಮಕ್ಕಳಿಗೆ ದೊತೊರ್ನ್ (ಧರ್ಮಪಾಠ) ಕಲಿಸಿದವನು. ಅದಕ್ಕೇ ಈ ಪ್ರಶ್ನೆ ನನ್ನ ಹತ್ತಿರ ಬಂದಿರಬೇಕು. ಆದರೆ ಇದಕ್ಕೆ ಉತ್ತರ ಕೊಡಲು ನನಗಿರುವ ಅರ್ಹತೆ ಬೇರೆಯೇ. 1977ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ, ನಾನೂ ಮನೆಯಲ್ಲಿ ದೇವರಿಲ್ಲ ಅಂದಿದ್ದೆ. ಆರು ವರ್ಷ ಹಾಗೆಯೇ ಇದ್ದೆ.

ನಮ್ಮ ಮನೆ ಆಗ ಕಿನ್ನಿಗೋಳಿ ಕಡೆ. ಕರೆಂಟ್ ಇರಲಿಲ್ಲ. ಸಂಜೆ ಇಗರ್ಜೆಯಿಂದ ಆಮೊರಿ (ಸಂಜೆ ಪ್ರಾರ್ಥನೆಯ) ಗಂಟೆ ಕೇಳಿಸಿದರೆ ಎಲ್ಲರೂ ಎಲ್ಲಿದ್ದರೂ ಬಂದು ಅಲ್ತಾರಿನ (ಮನೆಯ ದೇವರ ಪೀಠದ) ಎದುರು ಮೊಣಕಾಲೂರಬೇಕು. ಒಂದು ದಿನ ನಾನು ಊರುವುದಿಲ್ಲ ಅಂದೆ. ಅಪ್ಪ ಊಟ ಇಲ್ಲ ಅಂದರು. ನಾನು ಬೇಡ ಅಂದೆ. ಅಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಹೇಳಿದ್ದು ಇಷ್ಟೇ: "ನಂಬುವುದು ಬೇಡ. ಚಿಮಿಣಿ ಹಿಡಿ."

ಅದರಲ್ಲಿ ಉಪದೇಶ ಏನೂ ಇರಲಿಲ್ಲ ಮಾರಾಯ್ರೆ. ಅಮ್ಮನಿಗೆ ಕಣ್ಣು ಮಂಜು. ಲದಿನ್ (ಸ್ತುತಿಮಾಲೆ) ಪುಸ್ತಕದ ಅಕ್ಷರ ಸಣ್ಣ. ಚಿಮಿಣಿಯನ್ನು ಸ್ಟೂಲಿನ ಮೇಲೆ ಇಟ್ಟರೆ ಬೆಳಕು ಪುಟದ ಮೇಲೆ ಬೀಳುವುದಿಲ್ಲ, ಯಾರಾದರೂ ಪಕ್ಕದಲ್ಲಿ ನಿಂತು ಹಿಡಿಯಬೇಕು. ತಮ್ಮ ಹಿಡಿದರೆ ನಿದ್ದೆ ತೂಗಿ ಪುಸ್ತಕಕ್ಕೇ ಬೆಂಕಿ ಹಚ್ಚುವ ಹಾಗೆ ಆಗುತ್ತಿತ್ತು. ಸರಿ, ನಾನು ಹಿಡಿದೆ. ಮನೆಯಲ್ಲಿದ್ದಾಗಲೆಲ್ಲ ಹಿಡಿದೆ. ಐವತ್ತು ನಮೋ ಮರಿಯಾ ಮುಗಿಯುವಷ್ಟರಲ್ಲಿ ಬೆರಳು ಬಿಸಿಯಾಗುತ್ತಿತ್ತು, ಮೂಗಿಗೆ ಹೊಗೆ, ಕಾಲಿಗೆ ಸೊಳ್ಳೆ. ಹೊಡೆಯೋಣ ಅಂದ್ರೆ ಕೈಯಲ್ಲಿ ದೀಪ. ಆಮೇಲೆ ಲದಿನ್ ಶುರು. ಆಗ ನಮ್ಮಲ್ಲಿ ಹಳೆಯವರು ಇನ್ನೂ ಅದನ್ನು ಲ್ಯಾಟಿನ್ನಿನಲ್ಲೇ ಹಾಡುತ್ತಿದ್ದರು. ಅಮ್ಮನಿಗೆ ಲ್ಯಾಟಿನ್ ಒಂದಕ್ಷರ ಬರುವುದಿಲ್ಲ. 'ಓರಾ ಪ್ರೋ ನೋಬಿಸ್' (ನಮಗಾಗಿ ಪ್ರಾರ್ಥಿಸು) ಅನ್ನುವುದು ಅವರ ಬಾಯಲ್ಲಿ 'ಓರಪ್ರನೋಬೀ' ಆಗಿ ಹೋಗಿತ್ತು. ನಾನು ತಡೆಯಲಾರದೆ ತಿದ್ದುತ್ತಿದ್ದೆ. ನೋಡಿ ತಮಾಷೆ: ದೇವರಿಲ್ಲ ಅನ್ನುವವನು ದೀಪ ಹಿಡಿದು ನಿಂತು, ದೇವರಿಗೆ ಹೇಳುವ ಮಾತಿನ ಉಚ್ಚಾರ ಸರಿ ಮಾಡುತ್ತಿದ್ದ! ಅಮ್ಮ ಹೂಂ ಅಂದು ಮರುದಿನ ಮತ್ತೆ ಓರಪ್ರನೋಬೀ ಅನ್ನುತ್ತಿದ್ದರು.

ತೇರ್ಸ್ ಮುಗಿದ ಮೇಲೆ ಎಲ್ಲರೂ ಹಿರಿಯರ ಹತ್ತಿರ ಬೆಸಾಂವ್ (ಆಶೀರ್ವಾದ) ಬೇಡುವ ಕ್ರಮ ನಿಮಗೆ ಗೊತ್ತಲ್ಲ. ನಾನು ಚಿಮಿಣಿ ಇಟ್ಟು ಹೊರಗೆ ಹೋಗುತ್ತಿದ್ದೆ. ಅಮ್ಮ ಕರೆಯಲಿಲ್ಲ. ಒಮ್ಮೆಯೂ ಕರೆಯಲಿಲ್ಲ. ಆ ಆರು ವರ್ಷ ನನಗೆ ಮನೆಯಲ್ಲಿ ಒಂದು ಕೆಲಸ ಇತ್ತು, ಒಂದು ಜಾಗ ಇತ್ತು, ಅದಕ್ಕಾಗಿ ಒಂದು ಸುಳ್ಳೂ ಹೇಳಬೇಕಾಗಿರಲಿಲ್ಲ. ಅಮ್ಮನಿಗೆ ಇದೆಲ್ಲ ಯೋಚಿಸಿ ಮಾಡಿದ್ದು ಅನ್ನಿಸಿರಲಿಕ್ಕಿಲ್ಲ. ಬೆಳಕು ಬೇಕಿತ್ತು, ಅಷ್ಟೆ.

ಹಾಗಾದರೆ ನೀವು ಹೇಗೆ ವಾಪಸ್ ಬಂದಿರಿ ಅಂತ ಕೇಳುತ್ತೀರಿ. ಇಲ್ಲಿ ಒಂದು ಒಳ್ಳೆಯ ಕಥೆ ಇರಬೇಕಿತ್ತು, ಆದರೆ ಇಲ್ಲ. ಕಾಯಿಲೆ ಬಂದು ವಾಸಿಯಾಗಲಿಲ್ಲ, ಕನಸು ಬೀಳಲಿಲ್ಲ. ಯಾವುದೋ ಬೇಸರದಲ್ಲಿ ಒಂದು ರಾತ್ರಿ ಯಾರನ್ನೋ ಬೈಯುತ್ತಿದ್ದೆ, ಆ ಯಾರೋ ಯಾರು ಅಂತ ಆಮೇಲೆ ಹೊಳೆಯಿತು. ಇಲ್ಲದವನನ್ನು ಇಷ್ಟು ಹೊತ್ತು ಬೈಯಲಿಕ್ಕಾಗುವುದಿಲ್ಲ ಅನ್ನಿಸಿತು. ಅದು ತರ್ಕ ಅಲ್ಲ, ಗೊತ್ತು. ತರಗತಿಯಲ್ಲಿ ವಿದ್ಯಾರ್ಥಿ ಹೀಗೆ ಬರೆದಿದ್ದರೆ ನಾನು ಸೊನ್ನೆ ಕೊಡುತ್ತಿದ್ದೆ. ಈಗಲೂ ಕೆಲವು ದಿನ ಬೆಳಿಗ್ಗೆ ನನಗೆ ನಂಬಿಕೆ ಇರುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಬರುತ್ತದೆ. ನಿಮ್ಮ ಮಗನೂ ವಾಪಸ್ ಬರುತ್ತಾನೆ ಅಂತ ನಾನು ಹೇಳುತ್ತಿಲ್ಲ. ಬಾರದೆಯೂ ಇರಬಹುದು. 'ಇದು ವಯಸ್ಸಿನ ದೋಷ, ಮದುವೆ ಮಾಡಿ, ಸರಿ ಹೋಗುತ್ತಾನೆ' ಅನ್ನುವವರ ಮಾತು ಕೇಳಬೇಡಿ. ಅವನು ಯೋಚಿಸಿ ಒಂದು ಮಾತು ಹೇಳಿದ್ದಾನೆ. ಅದನ್ನು ಜ್ವರದ ಹಾಗೆ ನೋಡಿದರೆ ಅವನಿಗೂ ಅವಮಾನ, ನಂಬಿಕೆಗೂ ಅವಮಾನ.

ಈಗ ನೊವೆಂ. ಕಪಟವಾ? ನನಗೆ ಹಾಗೆ ಕಾಣುವುದಿಲ್ಲ. ಸೆಪ್ಟೆಂಬರ್ 8 ಮರಿಯಮ್ಮನ ಹುಟ್ಟಿದ ದಿನ, ಅದು ಇಡೀ ಲೋಕದ ಕ್ಯಾಥೊಲಿಕರಿಗೆ ಉಂಟು. ಆದರೆ ಒಂಬತ್ತು ದಿನ ಮಕ್ಕಳು ಹೂ ಹಾಕುವುದು, ಕೈಗೆ ಕಬ್ಬು ಸಿಗುವುದು, ಆಶೀರ್ವಾದ ಮಾಡಿದ ತೆನೆ ಮನೆಗೆ ತಂದು, ಕಾಳು ಸುಲಿದು, ಅರೆದು, ಪಾಯಸಕ್ಕೋ ತೆಂಗಿನ ಹಾಲಿಗೋ ಬೆರೆಸಿ ಎಲ್ಲರೂ ಒಟ್ಟಿಗೆ ಕುಡಿಯುವುದು, ಇದೆಲ್ಲ ರೋಮಿನಿಂದ ಬಂದದ್ದಲ್ಲ. ಇದು ಈ ಮಣ್ಣಿನದ್ದು. ನಮ್ಮ ನೆರೆಯ ತುಳುವರೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ತೆನೆ ಕಟ್ಟುತ್ತಾರೆ, ಹೊಸ ಅಕ್ಕಿ ಊಟ ಮಾಡುತ್ತಾರೆ. ವರ್ಷವಿಡೀ ಮೀನು ಮಾಂಸ ತಿನ್ನುವ ನಾವು ಆ ಒಂದು ದಿನ ಬರೀ ತರಕಾರಿ, ಅದೂ ಬೆಸ ಸಂಖ್ಯೆಯಲ್ಲಿ ಪದಾರ್ಥ ಮಾಡುತ್ತೇವೆ. ಯಾಕೆ ಬೆಸ? ಯಾವ ಪಾದ್ರಿಯೂ ಹೇಳಿಕೊಟ್ಟದ್ದಲ್ಲ. ಗಲ್ಫಿನಲ್ಲಿರುವ ನನ್ನ ತಮ್ಮನಿಗೆ ಇವತ್ತಿಗೂ ಎರಡು ಭತ್ತದ ಕಾಳು ಕವರಿನಲ್ಲಿ ಹಾಕಿ ಕಳಿಸುತ್ತೇವೆ. ಅವನು ಅಲ್ಲಿ ಅದನ್ನು ಪ್ಯಾಕೆಟ್ ಹಾಲಿಗೆ ಹಾಕಿ ಕುಡಿಯುತ್ತಾನೆ. ಆ ಎರಡು ಕಾಳಿನಲ್ಲಿ ದೇವರು ಎಷ್ಟು, ಅಮ್ಮನ ಮನೆ ಎಷ್ಟು ಅಂತ ತೂಕ ಮಾಡಿ ಹೇಳಲಿಕ್ಕೆ ನನ್ನಿಂದಾಗುವುದಿಲ್ಲ.

ನಿಮ್ಮ ಮಗನಿಗೆ ಬೇಡವಾದದ್ದು ಒಂದು ಸಿದ್ಧಾಂತ. ಅಮ್ಮನ ಹರಿವೆ ಪದಾರ್ಥ ಅವನು ಬೇಡ ಅಂದಿಲ್ಲ. ಅಜ್ಜಿಯ ಸರವೂ ಹಾಗೆಯೇ. ತೆಗೆ ಅನ್ನಬೇಡಿ. ಅದು ಅವನಿಗೆ ಅಜ್ಜಿ. ಫಾರ್ಮಿನ ವಿಷಯ ಇನ್ನೂ ಸಣ್ಣದು. ನಮ್ಮ ದೇಶದಲ್ಲಿ ಧರ್ಮ ಅನ್ನುವುದು ನಂಬಿಕೆ ಮಾತ್ರ ಅಲ್ಲ, ಜಾತಿ ಸರ್ಟಿಫಿಕೇಟೂ ಹೌದು. 2011ರ ಜನಗಣತಿಯಲ್ಲಿ ಧರ್ಮ ಹೇಳದವರ ಲೆಕ್ಕ ಬೇರೆ ಕೊಟ್ಟಿದ್ದರು, ಇಡೀ ದೇಶದಲ್ಲಿ 28 ಲಕ್ಷ ಚಿಲ್ಲರೆ, ಅಂದರೆ ನೂರರಲ್ಲಿ ಒಬ್ಬರೂ ಅಲ್ಲ, ಶೇಕಡಾ ಒಂದರ ಕಾಲು ಭಾಗದಷ್ಟು. ಮನಸ್ಸಿನಲ್ಲಿ ಹಾಗಿರುವವರು ಅದಕ್ಕಿಂತ ಜಾಸ್ತಿ ಇದ್ದಾರೆ ಅಂತ ನನ್ನ ಅಂದಾಜು. ನಿಮ್ಮ ಮಗನ ಹಾಗೆ ಅವರೂ ಅಪ್ಪನ ಧರ್ಮವನ್ನೇ ಬರೆಸಿರುತ್ತಾರೆ.

ಇನ್ನು ಆ 'ನಾಸ್ತಿಕ' ಅನ್ನುವ ಶಬ್ದ. ನಿಮಗೆ ಅದು ಕೇಳಿದರೆ ಎದೆ ಝಲ್ ಅನ್ನುತ್ತದೆ. ಸ್ವಲ್ಪ ತಡೆಯಿರಿ. ಮನುಸ್ಮೃತಿಯ ಲೆಕ್ಕದಲ್ಲಿ ನಾಸ್ತಿಕ ಅಂದ್ರೆ ವೇದವನ್ನು ನಿಂದಿಸುವವನು. ಸಾಂಖ್ಯರು, ಮೀಮಾಂಸಕರು ಜಗತ್ತನ್ನು ಸೃಷ್ಟಿ ಮಾಡಿದ ದೇವರು ಬೇಕೇ ಬೇಕು ಅನ್ನುವುದಿಲ್ಲ, ಆದರೂ ವೇದ ಒಪ್ಪುವುದರಿಂದ ಅವರು ಆಸ್ತಿಕರ ಪಟ್ಟಿಯಲ್ಲೇ ಇದ್ದಾರೆ. ಬೌದ್ಧರು, ಜೈನರು, ಚಾರ್ವಾಕರು ನಾಸ್ತಿಕರು. ಅಂದರೆ ಹಳೆಯ ಶಾಸ್ತ್ರದ ಲೆಕ್ಕ ಹಿಡಿದು ಉಡುಪಿಯ ರಥಬೀದಿಯಲ್ಲಿ ನಿಂತು ಕೇಳಿದರೆ ನಿಮ್ಮ ಮಗ ಮಾತ್ರ ಅಲ್ಲ, ನೀವೂ ನಾಸ್ತಿಕರು, ನಿಮ್ಮ ಗುರ್ಕಾರ್ ಯಜಮಾನರೂ ನಾಸ್ತಿಕರು, ಬಿಷಪರೂ ನಾಸ್ತಿಕರು!

ಇದು ನಮಗೆ ಹೊಸದೇನಲ್ಲ. ರೋಮಿನವರು ಮೊದಲ ಕ್ರೈಸ್ತರನ್ನು ಕರೆದದ್ದೂ ಇದೇ ಹೆಸರಿನಿಂದ. ಊರಿನ ದೇವರಿಗೆ ಬಲಿ ಕೊಡುವುದಿಲ್ಲ, ಮೂರ್ತಿ ಇಲ್ಲ, ಇವರಿಗೆ ದೇವರೇ ಇಲ್ಲ ಅಂತ. ಸುಮಾರು ಕ್ರಿ.ಶ. 155ರ ಹೊತ್ತಿಗೆ ಸ್ಮಿರ್ನಾ ಪಟ್ಟಣದಲ್ಲಿ, ಅಂದರೆ ಈಗಿನ ತುರ್ಕಿಯ ಇಜ್ಮಿರ್‌ನಲ್ಲಿ, ಪೋಲಿಕಾರ್ಪ್ ಅನ್ನುವ ಮುದಿ ಬಿಷಪರನ್ನು ಹಿಡಿದು ಮೈದಾನಕ್ಕೆ ತಂದರು. 'ನಾಸ್ತಿಕರು ತೊಲಗಲಿ ಅನ್ನು, ಬಿಟ್ಟುಬಿಡುತ್ತೇನೆ' ಅಂದ ಅಧಿಕಾರಿ. ಅಂದರೆ ನಿನ್ನವರನ್ನೇ ಬೈ ಅಂತ. ಪೋಲಿಕಾರ್ಪ್ ಕೂಗಾಡುತ್ತಿದ್ದ ಆ ಗುಂಪಿನ ಕಡೆ ನೋಡಿ, ಕೈ ಬೀಸಿ, 'ನಾಸ್ತಿಕರು ತೊಲಗಲಿ' ಅಂದರು. ಆಮೇಲೆ ಅವರನ್ನು ಕೊಂದರು. ಆ ಮುದುಕರ ಚುರುಕು ನನಗೆ ಇವತ್ತಿಗೂ ಇಷ್ಟ. ದೊತೊರ್ನ್ ಮಕ್ಕಳಿಗೆ ಇದನ್ನು ಹೇಳಿದಾಗೆಲ್ಲ ಒಬ್ಬನಾದರೂ ಕೇಳುತ್ತಿದ್ದ, 'ಸರ್, ಹಾಗಾದ್ರೆ ನಿಜವಾದ ನಾಸ್ತಿಕ ಯಾರು?' ಒಳ್ಳೆ ಪ್ರಶ್ನೆ. ಮಗನನ್ನು ಕೂರಿಸಿ ನೀವೂ ಒಮ್ಮೆ ಕೇಳಿ: ನೀನು ಇಲ್ಲ ಅನ್ನುವ ದೇವರು ಯಾರು? ಹೇಗಿದ್ದಾನೆ? ಅವನು ವಿವರಿಸಿದ ಮೇಲೆ, ಆ ದೇವರನ್ನು ನಾನೂ ನಂಬುವುದಿಲ್ಲ ಅಂತ ನಿಮಗೇ ಅನ್ನಿಸಬಹುದು. ಮೇಲೆ ಕೂತು ಪರೀಕ್ಷೆಗೆ ಮಾರ್ಕು ಹಾಕುವ, ಮೀಸ್ ತಪ್ಪಿಸಿದವರ ಬೈಕ್ ಬೀಳಿಸುವ ಒಬ್ಬ ಹೆಡ್‌ಮಾಸ್ಟರು. ಅಂಥವನ ಮೇಲೆ ನಂಬಿಕೆ ಹೋಯಿತು ಅಂದ್ರೆ ಒಳ್ಳೆಯದೇ ಆಯ್ತು.

ಒಂದು ವಿನಂತಿ. ಅವನಿಗೆ ವಾಟ್ಸಾಪ್ ಫಾರ್ವರ್ಡ್ ಕಳಿಸುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಕಳಿಸುತ್ತಿದ್ದೀರಿ ಅಂತ ನನಗೆ ಗೊತ್ತು, ಎಲ್ಲರೂ ಕಳಿಸುತ್ತಾರೆ. ನಾಸ್ತಿಕ ಪ್ರೊಫೆಸರನ ಬಾಯಿ ಮುಚ್ಚಿಸಿದ ಹುಡುಗ, ಕೊನೆಯ ಸಾಲಿನಲ್ಲಿ 'ಆ ಹುಡುಗನೇ ಐನ್‌ಸ್ಟೈನ್'. ಕಟ್ಟುಕಥೆ. ಐನ್‌ಸ್ಟೈನ್ 1954ರ ಜನವರಿಯಲ್ಲಿ, ಸಾಯುವ ವರ್ಷದ ಹಿಂದೆ, ಒಂದು ಪತ್ರದಲ್ಲಿ ದೇವರು ಅನ್ನುವ ಶಬ್ದ ತನಗೆ ಮನುಷ್ಯರ ದೌರ್ಬಲ್ಯದಿಂದ ಬಂದದ್ದಾಗಿ ಕಾಣುತ್ತದೆ ಅಂತ ಬರೆದಿದ್ದಾರೆ. ನಿಮ್ಮ ಮಗ ಅರ್ಧ ನಿಮಿಷದಲ್ಲಿ ಅದನ್ನು ಹುಡುಕಿ ನಿಮ್ಮ ಮುಂದೆ ಇಡುತ್ತಾನೆ. ಆಗ ಹೋಗುವುದು ಐನ್‌ಸ್ಟೈನ್ ಮರ್ಯಾದೆ ಅಲ್ಲ, ನಮ್ಮದು. ನಂಬಿಕೆ ಉಳಿಸಲು ಸುಳ್ಳು ಹೇಳುತ್ತಾರೆ ಅಂತ ಅವನಿಗೆ ಒಮ್ಮೆ ಅನ್ನಿಸಿತೋ, ಮತ್ತೆ ನಿಮ್ಮ ಸತ್ಯವನ್ನೂ ಅವನು ಕೇಳುವುದಿಲ್ಲ.

ಅವನ ಕಡೆಯಿಂದ ಬರುವ ವಾದಗಳಲ್ಲೂ ಅರ್ಧಕ್ಕರ್ಧ ಅಮೆರಿಕದ ಜಗಳ. ಯೂಟ್ಯೂಬಿನಲ್ಲಿ ನೋಡಿರುತ್ತಾನೆ. ಭೂಮಿಗೆ ಆರು ಸಾವಿರ ವರ್ಷ ಅಂತ ಬೈಬಲ್ ಹೇಳುತ್ತದೆ, ವಿಕಾಸವಾದ ಒಪ್ಪಲಿಕ್ಕಿಲ್ಲ, ಹೀಗೆ. ಅದು ಅಲ್ಲಿನ ಕೆಲವು ಪಂಗಡಗಳ ತಲೆನೋವು. 1927ರಲ್ಲಿ ವಿಶ್ವ ಹಿಗ್ಗುತ್ತಿದೆ ಅಂತ ಲೆಕ್ಕ ಹಾಕಿ ತೋರಿಸಿ, ಆಮೇಲೆ ಅದೆಲ್ಲ ಒಂದೇ ಆದಿಕಣದಿಂದ ಶುರುವಾಯಿತು ಅಂದವರು ಜಾರ್ಜ್ ಲಮೇತ್ರ್, ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ. ಬಟಾಣಿ ಬೆಳೆಸಿ ಅನುವಂಶೀಯತೆಯ ನಿಯಮ ಕಂಡುಹಿಡಿದ ಮೆಂಡೆಲ್ ಮಠದ ಸನ್ಯಾಸಿ. ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಅಂತ ಪೋಪ್ ಎರಡನೇ ಜಾನ್ ಪಾಲ್ 1996ರಲ್ಲೇ ಹೇಳಿಯಾಗಿದೆ. ಇದರಿಂದ ದೇವರಿದ್ದಾನೆ ಅಂತ ಸಾಬೀತಾಗುವುದಿಲ್ಲ, ಹಾಗಂತ ಹೇಳಲೂ ಬೇಡಿ. ಆ ಜಗಳ ನಮ್ಮ ಮನೆಯದ್ದಲ್ಲ, ಅಷ್ಟೆ.

ಆದರೆ ನಮ್ಮ ಮನೆಯದ್ದೇ ಆದ ಜಗಳ ಒಂದುಂಟು, ಅದರಲ್ಲಿ ತಪ್ಪು ನಮ್ಮದು. 2012ರಲ್ಲಿ ಮುಂಬೈಯ ಒಂದು ಇಗರ್ಜೆಯ ಹತ್ತಿರ ಶಿಲುಬೆಯಿಂದ ನೀರು ತೊಟ್ಟಿಕ್ಕತೊಡಗಿತು. ಜನ ಬಾಟಲಿಯಲ್ಲಿ ಹಿಡಿದು ಕುಡಿದರು. ವಿಚಾರವಾದಿ ಸನಲ್ ಇಡಮರುಕು ಹೋಗಿ ನೋಡಿ, ಹತ್ತಿರದ ಕಟ್ಟಿಕೊಂಡ ಚರಂಡಿಯ ನೀರು ಗೋಡೆಯಲ್ಲಿ ಏರಿ ಬರುತ್ತಿದೆ ಅಂದರು. ನಾವು ಏನು ಮಾಡಬೇಕಿತ್ತು? ಪ್ಲಂಬರನ್ನು ಕರೆದು, ಇಡಮರುಕು ಅವರಿಗೆ ದೇವ್ ಬರೆಂ ಕರುಂ (ಥ್ಯಾಂಕ್ಸ್) ಹೇಳಬೇಕಿತ್ತು. ನಮ್ಮವರಲ್ಲಿ ಕೆಲವರು ಪೊಲೀಸ್ ಕೇಸು ಹಾಕಿದರು. ಇಡಮರುಕು ಫಿನ್ಲೆಂಡಿಗೆ ಹೋಗಿ ಕೂರಬೇಕಾಯಿತು. ಇದನ್ನು ನೆನೆದರೆ ನನಗೆ ಈಗಲೂ ನಾಚಿಕೆ. ನಮ್ಮ ಮಂಗಳೂರಿನ ನರೇಂದ್ರ ನಾಯಕರು ಊರೂರು ಸುತ್ತಿ ಪವಾಡಗಳ ಗುಟ್ಟು ಬಯಲು ಮಾಡುತ್ತಾರೆ. ಅವರು ಬಯಲು ಮಾಡುವುದು ಬೂದಿ ಬರಿಸುವ ಬಾಬಾನದ್ದಾದರೆ ನಾವು ಚಪ್ಪಾಳೆ ತಟ್ಟುತ್ತೇವೆ, ಎಣ್ಣೆ ಹಚ್ಚಿ ಕಾಯಿಲೆ ಬಿಡಿಸುವ ನಮ್ಮವರ ಕಡೆ ತಿರುಗಿದರೆ ಮುಖ ಗಂಟಾಗುತ್ತದೆ. ಮಕ್ಕಳು ಇದನ್ನು ನೋಡುತ್ತಿರುತ್ತಾರೆ. ಅವರಿಗೆ ಕಣ್ಣುಂಟು.

ರೋಮ್ ಈ ವಿಷಯದಲ್ಲಿ ನಮಗಿಂತ ಜಾಣ. ಯಾರನ್ನಾದರೂ ಸಂತರೆಂದು ಘೋಷಿಸುವ ಮೊದಲು ಅವರ ವಿರುದ್ಧ ವಾದ ಮಾಡಲೆಂದೇ ಒಬ್ಬರನ್ನು ನೇಮಿಸುವ ಪದ್ಧತಿ 1587ರಿಂದ ಇತ್ತು. ಜನ ಅವರಿಗೆ ಸೈತಾನನ ವಕೀಲ ಅನ್ನುತ್ತಿದ್ದರು. 1983ರಲ್ಲಿ ಆ ಪದ್ಧತಿ ಬದಲಾಯಿತು. ಆದರೂ ಮದರ್ ತೆರೇಸಾರ ವಿಷಯ ಬಂದಾಗ, ಅವರನ್ನು ಕಟುವಾಗಿ ಟೀಕಿಸಿದ್ದ ಪತ್ರಕರ್ತ, ಪಕ್ಕಾ ನಾಸ್ತಿಕ ಕ್ರಿಸ್ಟೊಫರ್ ಹಿಚನ್ಸ್‌ರನ್ನು ಚರ್ಚ್ ತಾನಾಗಿ ಕರೆದು ಸಾಕ್ಷಿ ಕೇಳಿತು. ಅವರು ಹೋಗಿ ಹೇಳಬೇಕಾದದ್ದನ್ನೆಲ್ಲ ಹೇಳಿದರು. ಆಮೇಲೆ ನಡೆದದ್ದು ನನಗೆ ಇನ್ನೂ ಆಶ್ಚರ್ಯ. 2007ರಲ್ಲಿ ತೆರೇಸಾರ ಖಾಸಗಿ ಪತ್ರಗಳು ಹೊರಬಂದವು. ಸುಮಾರು ಅರ್ಧ ಶತಮಾನ ಅವರಿಗೆ ಪ್ರಾರ್ಥನೆಯಲ್ಲಿ ದೇವರು ಸಿಕ್ಕಿರಲಿಲ್ಲ, ಒಳಗೆಲ್ಲ ಖಾಲಿ, ಕತ್ತಲೆ. ಹೊರಗಿನಿಂದ ಒಬ್ಬ ನಾಸ್ತಿಕ ಅವರ ವಿರುದ್ಧ ಸಾಕ್ಷಿ ಹೇಳುತ್ತಿದ್ದ, ಒಳಗಿನಿಂದ ಅವರದ್ದೇ ಮನಸ್ಸು ಇನ್ನೊಂದು ಬಗೆಯಲ್ಲಿ ಹೇಳುತ್ತಿತ್ತು. ಆದರೂ ಬೆಳಿಗ್ಗೆ ಎದ್ದು ಬಕೆಟ್ ಹಿಡಿದು ಹೋಗುತ್ತಿದ್ದರು. ದೇವರು ಅನುಭವಕ್ಕೆ ಬಾರದಿರುವುದು ನಿಮ್ಮ ಮಗನಿಗೆ ಮಾತ್ರ ಆದದ್ದಲ್ಲ.

ಈಗ ಸ್ವಲ್ಪ ಖಾರದ ಮಾತು. 'ಎಲ್ಲಿ ತಪ್ಪಿದೆವು' ಅಂದಿರಲ್ಲ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ (ಲೋಕದ ಕ್ಯಾಥೊಲಿಕ್ ಬಿಷಪರ ಸಭೆ) ನಾಸ್ತಿಕತೆಯ ಬಗ್ಗೆ ಬರೆಯುವಾಗ, ಅದು ಹುಟ್ಟುವುದರಲ್ಲಿ ನಂಬುವವರ ಪಾಲು ಸಣ್ಣದೇನಲ್ಲ ಅಂತ ಒಪ್ಪಿಕೊಂಡಿತು. ನಮ್ಮ ಕರಾವಳಿಯಲ್ಲಿ ಆ ಪಾಲು ಏನು ಅಂತ ಕೇಳಿದರೆ ನಾನು ಒಂದೇ ಶಬ್ದ ಹೇಳುತ್ತೇನೆ: ವ್ಯಾಪಾರ. ವೀಸಾ ಆದರೆ ಇಷ್ಟು ಮೇಣದಬತ್ತಿ, ಮಗು ಆದರೆ ಇಷ್ಟು ದುಡ್ಡು. ಜನವರಿಯಲ್ಲಿ ಕಾರ್ಕಳದ ಅತ್ತೂರಿಗೆ ಹೋಗಿ ನೋಡಿ. ಸಂತ ಲಾರೆನ್ಸರ ಎದುರು ಹಿಂದೂಗಳು, ಮುಸ್ಲಿಮರು, ನಾವು, ಎಲ್ಲರೂ ಒಂದೇ ಸಾಲಿನಲ್ಲಿ. ಅದು ನಿಜಕ್ಕೂ ಚಂದ, ನಾನೂ ಪ್ರತಿ ವರ್ಷ ಹೋಗುತ್ತೇನೆ. ಕೈಯಲ್ಲಿ ಮಗುವನ್ನು ಹಿಡಿದು ಅಳುವ ತಾಯಿಯ ಹರಕೆಯ ಬಗ್ಗೆ ನಾನು ಮಾತಾಡುತ್ತಿಲ್ಲ. ಆ ಸಾಲಿನಲ್ಲೇ, ಕೆಲಸದವರ ಆರು ತಿಂಗಳ ಸಂಬಳ ಬಾಕಿ ಇಟ್ಟು, ದೊಡ್ಡ ಮೇಣದಬತ್ತಿ ಹೊತ್ತು ನಿಂತವರೂ ಇರುತ್ತಾರೆ. ಅವರಿಗೆ ದೇವರಿದ್ದಾನಾ? ಬಾಯಲ್ಲಿ ಇದ್ದಾನೆ. ಸಂಬಳ ಕೊಡುವ ದಿನ ಇರುವುದಿಲ್ಲ.

ನಿಮ್ಮ ನೆಂಟರಲ್ಲಿ ಯಾರಾದರೂ ಮಗನಿಗೆ ಬೈಬಲಿನ 14ನೇ ಕೀರ್ತನೆ ತೋರಿಸಿರಬಹುದು. 'ದೇವರಿಲ್ಲ' ಅಂದುಕೊಳ್ಳುವವನು ಮೂರ್ಖ ಅನ್ನುವುದು. ಮೊದಲ ಸಾಲು ಎಲ್ಲರಿಗೂ ಬಾಯಿಪಾಠ, ಮುಂದೆ ಯಾರೂ ಓದುವುದಿಲ್ಲ. ಆ ಮನುಷ್ಯ 'ದೇವರಿಲ್ಲ' ಅನ್ನುವುದು ಬಾಯಲ್ಲಿ ಅಲ್ಲ, ಹೃದಯದಲ್ಲಿ. ನಾಲ್ಕನೇ ವಚನಕ್ಕೆ ಬಂದರೆ ಅವನಂಥವರು ಏನು ಮಾಡುತ್ತಾರೆ ಅಂತ ಉಂಟು: ರೊಟ್ಟಿ ತಿಂದ ಹಾಗೆ ಜನರನ್ನು ತಿನ್ನುತ್ತಾರೆ. ಅದು ಪುಸ್ತಕ ಓದಿ ಸಂಶಯಪಡುವ ಇಪ್ಪತ್ಮೂರರ ಹುಡುಗನ ಬಗ್ಗೆ ಬರೆದದ್ದಲ್ಲ. ಬಡವರನ್ನು ನುಂಗಿ, ಕೇಳುವವರು ಯಾರೂ ಇಲ್ಲ ಅಂತ ಧೈರ್ಯವಾಗಿರುವವನ ಬಗ್ಗೆ ಬರೆದದ್ದು. ಅಂಥವನಿಗೆ ಇಗರ್ಜೆಯಲ್ಲಿ ಮುಂದಿನ ಬೆಂಚು ಸಿಗುತ್ತದೆ, ಕೆಲವೊಮ್ಮೆ ಬೆಂಚಿನ ಮೇಲೆ ಹೆಸರೂ ಇರುತ್ತದೆ.

ಬೈಬಲಿನ ತಪ್ಪಿಹೋದ ಮಗನ ಕಥೆಯನ್ನೂ ಅವನ ಮೇಲೆ ಹೇರಬೇಡಿ. ಆ ಹುಡುಗ ಪಾಲು ಕೇಳಿ ದೂರ ಹೋಗಿ ಹಾಳು ಮಾಡಿದವನು. ನಿಮ್ಮವನು ಎಲ್ಲಿಗೂ ಹೋಗಿಲ್ಲ, ಮನೆಯಲ್ಲೇ ಇದ್ದಾನೆ, ತಿಂಗಳ ದುಡ್ಡೂ ಕೊಡುತ್ತಿರಬಹುದು. ಮತ್ತಾಯನ ಸುವಾರ್ತೆಯಲ್ಲಿ ಇನ್ನೊಂದು ಕಥೆ ಉಂಟು, 21ನೇ ಅಧ್ಯಾಯ. ತೋಟಕ್ಕೆ ಹೋಗು ಅಂದರೆ ಒಬ್ಬ ಮಗ 'ಹೋಗುವುದಿಲ್ಲ' ಅಂದ, ಆಮೇಲೆ ಹೋದ. ಇನ್ನೊಬ್ಬ 'ಆಯ್ತಪ್ಪ' ಅಂದ, ಹೋಗಲೇ ಇಲ್ಲ. ನಮ್ಮ ಊರುಗಳಲ್ಲಿ 'ಆಯ್ತಪ್ಪ'ಗಳೇ ಜಾಸ್ತಿ.

ನಿಮ್ಮ ಬೇಸರ ದೇವರ ಬಗ್ಗೆ ಮಾತ್ರ ಅಲ್ಲ ಅನ್ನುವುದೂ ನನಗೆ ಅರ್ಥವಾಗುತ್ತದೆ. ನಾವು ಇಲ್ಲಿ ನೂರಕ್ಕೆ ಹತ್ತು ಜನ ಕೂಡ ಇಲ್ಲ. 1784ರಲ್ಲಿ ನಮ್ಮವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ ಕಥೆ ಇವತ್ತಿಗೂ ಅಜ್ಜಿಯಂದಿರ ಬಾಯಲ್ಲಿ ಉಂಟು. 2008ರ ಸೆಪ್ಟೆಂಬರ್ 14ರ ಭಾನುವಾರ ಚರ್ಚುಗಳ ಮೇಲೆ ದಾಳಿ ಆದದ್ದು ನಮ್ಮ ಕಣ್ಣೆದುರಿಗೇ. ಹೀಗಿರುವಾಗ ಒಬ್ಬ ಹೊರಗೆ ಹೋದರೆ ಒಂದು ತಲೆ ಕಡಿಮೆಯಾಯಿತು ಅಂತ ಭಯವಾಗುತ್ತದೆ. ಆದರೆ ಆ ವಾರ ನಾನು ನೋಡಿದ್ದು ಹೇಳುತ್ತೇನೆ. ನನ್ನ ಚಿಕ್ಕಪ್ಪನ ಮಗ, ತನ್ನ ಮದುವೆಯ ದಿನದ ನಂತರ ಇಗರ್ಜೆಯ ಮೆಟ್ಟಿಲು ಹತ್ತದವನು, ಸಿಗರೇಟು ಸೇದುತ್ತ ಇಗರ್ಜೆಯ ಕಂಪೌಂಡಿನಲ್ಲಿ ಮೂರು ರಾತ್ರಿ ಕುಳಿತಿದ್ದ. ಒಳಗೆ ಬಾ, ಪ್ರಾರ್ಥನೆ ನಡೆಯುತ್ತಿದೆ ಅಂದೆ. ನೀವು ಮಾಡಿ, ನಾನು ಇಲ್ಲಿರುತ್ತೇನೆ ಅಂದ. ಹೊರಗೆ ಹೋದವರು ಯಾರು, ಒಳಗಿರುವವರು ಯಾರು ಅಂತ ರಿಜಿಸ್ಟರ್ ನೋಡಿ ಹೇಳಲಾಗುವುದಿಲ್ಲ.

ಮತ್ತೆ ಭಾಷೆ. ಮನೆಯಲ್ಲಿ ಕೊಂಕಣಿ ಆಡುತ್ತೀರಲ್ಲ? ನಮ್ಮಲ್ಲಿ ದೇವರನ್ನು ಬಿಟ್ಟು ಥ್ಯಾಂಕ್ಸ್ ಹೇಳಲಿಕ್ಕೆ ಬರುವುದಿಲ್ಲ. 'ದೇವ್ ಬರೆಂ ಕರುಂ', ದೇವರು ಒಳ್ಳೆಯದು ಮಾಡಲಿ. ನಾನು ನಾಸ್ತಿಕನಾಗಿದ್ದಾಗ ಇದಕ್ಕೆ ಬಹಳ ಒದ್ದಾಡಿದೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಮುದುಕನಿಗೆ ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಅಂದೆ, ಅವನಿಗೆ ನಾನು ಜಂಬದವನ ಹಾಗೆ ಕಂಡಿರಬೇಕು. ಆಮೇಲೆ ಸುಮ್ನೆ ದೇವ್ ಬರೆಂ ಕರುಂ ಅನ್ನತೊಡಗಿದೆ. ನಿಮ್ಮ ಮಗನೂ ಅನ್ನುತ್ತಿದ್ದರೆ 'ಹಾ, ಸಿಕ್ಕಿಬಿದ್ದೆ' ಅಂತ ಹಿಡಿಯಬೇಡಿ. ಇಲ್ಲಿ ದೇವರಿಲ್ಲ ಅನ್ನುವವರೂ ದೈವದ ವಿಷಯ ಬಂದರೆ ದನಿ ತಗ್ಗಿಸುತ್ತಾರೆ, ನೋಡಿದ್ದೀರಲ್ಲ. ಗಾಳಿಯಲ್ಲೇ ಉಂಟು ಅದು.

ಕೆಲವು ಸಣ್ಣ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನೆಂಟರ ಮದುವೆಗೋ ಮರಣದ ಮೀಸ್‌ಗೋ ಬಂದಾಗ ಅವನು ಕುಮ್ಗಾರ್ (ಪರಮಪ್ರಸಾದ) ಸ್ವೀಕರಿಸದೆ ಬೆಂಚಿನಲ್ಲೇ ಕೂತರೆ ಕೂರಲಿ. ಹಿಂದಿನವರು ನೋಡುತ್ತಾರೆ ಅಂತ ಮೊಣಕೈಯಲ್ಲಿ ತಿವಿಯಬೇಡಿ. ನಂಬದೆ ಸಾಲಿನಲ್ಲಿ ಹೋಗುವುದಕ್ಕಿಂತ ಕೂತಿರುವುದೇ ಅದಕ್ಕೆ ಮರ್ಯಾದೆ. ಮದುವೆಯ ಪ್ರಶ್ನೆ ಬಂದಾಗ ಬರಲಿ. ನಂಬಿಕೆ ಬಿಟ್ಟೆ ಅಂತ ಬಹಿರಂಗವಾಗಿ ಹೇಳಿದವರ ಮದುವೆಗೂ ಬಿಷಪರ ಅನುಮತಿ ಪಡೆದು ಇಗರ್ಜೆಯಲ್ಲಿ ದಾರಿ ಉಂಟು, ಅವನಿಗೆ ಅದು ಬೇಡವಾದರೆ 1954ರ ವಿಶೇಷ ವಿವಾಹ ಕಾಯ್ದೆ ಉಂಟು, ಮೂವತ್ತು ದಿನದ ನೋಟಿಸು ಕೊಡಬೇಕು. ಈಗಲೇ ಅದನ್ನು ಹೇಳಿ ಹೆದರಿಸುವುದು ಬೇಡ. ಬೈಕ್ ಕೊಡಿಸುತ್ತೇನೆ ಮೀಸ್‌ಗೆ ಬಾ ಅನ್ನುವುದು ಅದಕ್ಕಿಂತಲೂ ಕೆಟ್ಟದ್ದು. ಆಗಲೇ ಹೇಳಿದೆನಲ್ಲ, ವ್ಯಾಪಾರ.

ಅವನಿಗೆ ಒಂದು ಕೆಲಸ ಕೊಡಿ. ನಿಮ್ಮ ಮನೆಯಲ್ಲಿ ಕರೆಂಟ್ ಉಂಟು, ಚಿಮಿಣಿ ಬೇಕಾಗಿಲ್ಲ. ಬರುವ ಮೊಂತಿ ಫೆಸ್ತ್‌ಗೆ ತೆನೆಯ ಕಾಳು ಸುಲಿದು ಅರೆಯುವುದು ಅವನ ಪಾಲಿಗಿರಲಿ. ಎಷ್ಟು ಬಗೆ ಪದಾರ್ಥ ಅಂತ ಅವನೇ ಲೆಕ್ಕ ಹಾಕಲಿ. ಏಳಕ್ಕೆ ನಿಲ್ಲಿಸುವುದಾ, ಒಂಬತ್ತಕ್ಕೆ ಹೋಗುವುದಾ ಅಂತ ನಿಮ್ಮ ಹತ್ತಿರ ವಾದ ಮಾಡಲಿ.

ಇನ್ನು ರಾಜೀನಾಮೆ. ಬೇಡ ಅಂತ ಯಜಮಾನರಿಗೆ ಹೇಳಿ. ಗುರ್ಕಾರ್ ಆಗಲು ಮನೆಯವರೆಲ್ಲ ನಂಬಬೇಕು ಅಂತ ನಿಯಮ ಮಾಡಿದರೆ ನಮ್ಮ ಎರಡು ಜಿಲ್ಲೆಯಲ್ಲಿ ವಾರ್ಡುಗಳೇ ಉಳಿಯಲಿಕ್ಕಿಲ್ಲ. ಒಂದು ಕೆಲಸ ಮಾತ್ರ ಅವರು ಮಾಡಲಿ. ಈ ಸಲ ವಿಗಾರರು (ಇಗರ್ಜೆಯ ಮುಖ್ಯ ಪಾದ್ರಿ) ಮನೆ ಭೇಟಿಗೆ ಬಂದು 'ಮಗ ಎಲ್ಲಿ, ಕಾಣುವುದೇ ಇಲ್ಲ' ಅಂತ ಕೇಳಿದಾಗ 'ನೈಟ್ ಶಿಫ್ಟು ಫಾದರ್, ಮಲಗಿದ್ದಾನೆ' ಅನ್ನಬಾರದು. ಹೊರಗೆ ಕರೆಯಲಿ. ಇವನು ನನ್ನ ಮಗ, ಈಗ ಅವನಿಗೆ ನಂಬಿಕೆ ಇಲ್ಲ ಅಂತ ಹೇಳಲಿ, ಹೇಳಿ ಮೂವರಿಗೂ ಚಾ ಹಾಕಿ ಕೊಡಲಿ. ಪಾದ್ರಿಗಳಿಗೆ ಏನೂ ಆಗುವುದಿಲ್ಲ. ಅವರು ಇದಕ್ಕಿಂತ ದೊಡ್ಡದ್ದನ್ನೆಲ್ಲ ಕುಮ್ಸಾರಿನಲ್ಲಿ (ಪಾಪನಿವೇದನೆಯಲ್ಲಿ) ಕೇಳಿರುತ್ತಾರೆ, ಹೆಚ್ಚಿನದ್ದು ಮುಂದಿನ ಬೆಂಚಿನವರಿಂದ.